ಹಳೆ ಕ್ಯಾಮ್ರಿ ಹೈಬ್ರಿಡ್ ಕೊಳ್ಳುವವರಿಗೆ: ಬ್ಯಾಟರಿಗೆ ಹೆದರುವ ಮೊದಲು ಜಾಲರಿ ಬಿಚ್ಚಿ ನೋಡಿ

ತಿಂಗಳಿಗೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ: "ಹೊಸ ಕ್ರೆಟಾ ಕೊಳ್ಳುವ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಹೈಬ್ರಿಡ್ ಸಿಗ್ತಾ ಇದೆ. ತಗೊಳ್ಳಬಹುದಾ? ಬ್ಯಾಟರಿ ಹೋದ್ರೆ ಮನೆ ಮಾರಬೇಕಂತೆ, ನಿಜವಾ?" ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ನೋಡುವ ದಿನದಿಂದ ಮನೆಗೆ ತಂದ ಮೊದಲ ವಾರದವರೆಗಿನ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು: ಕ್ಯಾಮ್ರಿ ಟೊಯೋಟಾದ ದೊಡ್ಡ ಕಾರು. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಎಲೆಕ್ಟ್ರಿಕ್ ಮೋಟಾರೂ, ಅದಕ್ಕೊಂದು ದೊಡ್ಡ ಬ್ಯಾಟರಿಯೂ ಇರುವ ಗಾಡಿ. ಮೊದಲೇ ನನ್ನ ಅಭಿಪ್ರಾಯ ಹೇಳುತ್ತೇನೆ. ಬ್ಯಾಟರಿಯ ಭಯ ಪೂರ್ತಿ ಸುಳ್ಳಲ್ಲ, ಆದರೆ ಊದಿಸಿದ್ದು. ಆ ಭಯದಿಂದಲೇ ಈ ಗಾಡಿಗಳ ಬೆಲೆ ಇಷ್ಟು ಇಳಿಯುತ್ತದೆ, ಆ ಇಳಿಕೆಯೇ ನಿಮ್ಮ ಲಾಭ. ನಿಜವಾಗಿ ಪೆಟ್ಟು ತಿನ್ನುವವರು ಮೂರು ಕಡೆ ಎಡವುತ್ತಾರೆ. ನೆರೆಯಲ್ಲಿ ಮುಳುಗಿ ನೀರು ಕುಡಿದ ಗಾಡಿ ಕೊಳ್ಳುತ್ತಾರೆ, ಹೊರ ರಾಜ್ಯದ ಗಾಡಿಯ ತೆರಿಗೆ ಲೆಕ್ಕ ಹಾಕಿರುವುದಿಲ್ಲ, ಬ್ಯಾಟರಿ ಉಸಿರಾಡುವ, ಅಂದರೆ ಅದನ್ನು ತಂಪಾಗಿಡುವ ಗಾಳಿ ಒಳಹೋಗುವ ಜಾಲರಿಯನ್ನು ತೆಗೆದು ನೋಡಿರುವುದಿಲ್ಲ.

ಯಾವ ಕ್ಯಾಮ್ರಿಯ ಬಗ್ಗೆ ಮಾತಾಡುತ್ತಿದ್ದೇವೆ?

ಕ್ಯಾಮ್ರಿ ನಮ್ಮ ದೇಶಕ್ಕೆ 2002ರಿಂದ ಬರುತ್ತಿದೆ. ಮೊದಲೆಲ್ಲ ಪೂರ್ತಿ ತಯಾರಾದ ಗಾಡಿಯೇ ಹಡಗಿನಲ್ಲಿ ಬರುತ್ತಿತ್ತು. 2012ರಿಂದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಜೋಡಿಸತೊಡಗಿದರು. ಮರುವರ್ಷ, 2013ರ ಆಗಸ್ಟ್‌ನಲ್ಲಿ ಹೈಬ್ರಿಡ್ ಕೂಡ ಅಲ್ಲಿಂದಲೇ ಹೊರಬಂತು. ಬಿಡದಿ ಎಂದರೆ ತಟ್ಟೆ ಇಡ್ಲಿ ಅಷ್ಟೇ ನೆನಪಾಗುವವರು ಇದನ್ನೂ ಸೇರಿಸಿಕೊಳ್ಳಿ.

ಇಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಹೈಬ್ರಿಡ್‌ಗಳು ಮುಖ್ಯವಾಗಿ ಎರಡು ತಲೆಮಾರಿನವು.

ಮೊದಲನೆಯದು 2013ರಿಂದ 2018ರವರೆಗಿನದು. 2.5 ಲೀಟರ್ ಪೆಟ್ರೋಲ್ ಎಂಜಿನ್ನು ಮತ್ತು ಎಲೆಕ್ಟ್ರಿಕ್ ಮೋಟಾರು ಸೇರಿ ಸುಮಾರು 205 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡಿರುವುದರಿಂದ ಡಿಕ್ಕಿ ಚಿಕ್ಕದು. 2015ರ ಬದಲಾವಣೆಯ ನಂತರ ಕಂಪನಿ ಘೋಷಿಸಿದ ಮೈಲೇಜು ಲೀಟರಿಗೆ 19.16 ಕಿ.ಮೀ.

ಎರಡನೆಯದು 2019ರ ಜನವರಿಯಲ್ಲಿ 36.95 ಲಕ್ಷ ರೂ. ಎಕ್ಸ್-ಶೋರೂಂ ಬೆಲೆಗೆ ಬಂದದ್ದು. ಒಟ್ಟು 218 ಪಿಎಸ್, ಘೋಷಿತ ಮೈಲೇಜು 23.27. ಬ್ಯಾಟರಿ ಹಿಂದಿನ ಸೀಟಿನ ಅಡಿಗೆ ಇಳಿಯಿತು, ಡಿಕ್ಕಿ ದೊಡ್ಡದಾಯಿತು, ಗಾಡಿ ನೆಲಕ್ಕೆ ಇನ್ನಷ್ಟು ಅಂಟಿಕೊಂಡು ಓಡುವಂತಾಯಿತು. 2022ರಲ್ಲಿ ಮುಖ ತುಸು ಬದಲಾಗಿ 9 ಇಂಚಿನ ಸ್ಕ್ರೀನ್ ಬಂತು. ಅದಕ್ಕಿಂತ ಹಿಂದಿನ ಗಾಡಿಯ ಸ್ಕ್ರೀನಿನಲ್ಲಿ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇರಲಿಲ್ಲ. ಅಷ್ಟು ದುಡ್ಡಿನ ಗಾಡಿಯಲ್ಲಿ ಮೊಬೈಲನ್ನು ಎಸಿ ಕಿಂಡಿಗೆ ಸಿಕ್ಕಿಸಿ ಮ್ಯಾಪ್ ನೋಡಬೇಕಾದ ಪಾಡು ಅದು.

2024ರ ಡಿಸೆಂಬರ್‌ನಲ್ಲಿ ಹೊಸ ಕ್ಯಾಮ್ರಿ ಬಂದಾಗ ಅದರ ಬೆಲೆ 48 ಲಕ್ಷ ಇತ್ತು. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

2012ರಿಂದ ಕೆಲವು ವರ್ಷ ಹೈಬ್ರಿಡ್ ಅಲ್ಲದ ಬರೀ ಪೆಟ್ರೋಲ್ ಕ್ಯಾಮ್ರಿಯೂ ಮಾರಾಟವಾಗಿದೆ. ಜಾಹೀರಾತಿನಲ್ಲಿ ಎರಡನ್ನೂ ಕಲಸುಮೇಲೋಗರ ಮಾಡಿ ಹಾಕುತ್ತಾರೆ. ಡಿಕ್ಕಿಯ ಮೇಲೆ ಹೈಬ್ರಿಡ್ ಎಂಬ ಬಿಲ್ಲೆ, ಟೊಯೋಟಾ ಲಾಂಛನಕ್ಕೆ ನೀಲಿ ಛಾಯೆ ಇದೆಯೇ ನೋಡಿ. ಬಿಲ್ಲೆಯನ್ನು ಯಾರು ಬೇಕಾದರೂ ಅಂಟಿಸಬಹುದು, ಆದ್ದರಿಂದ ಬಾನೆಟ್ ಎತ್ತಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನೂ ನೋಡಿ. ಅವು ಹೈ ವೋಲ್ಟೇಜ್ ತಂತಿಗಳು, ಅವನ್ನು ಮುಟ್ಟುವ ಕೆಲಸ ನಿಮ್ಮದಲ್ಲ.

ನೋಡಲು ಹೋಗುವಾಗ ಜೊತೆಗಿರಲಿ

ಒಂದು ಒಳ್ಳೆಯ ಟಾರ್ಚ್, ಒರೆಸುವ ಬಟ್ಟೆ, ಮೊಬೈಲಿನ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುವ ಓಬಿಡಿ ಸ್ಕ್ಯಾನರ್. ಓಬಿಡಿ ಎಂದರೆ ಸ್ಟೀರಿಂಗ್ ಕೆಳಗಿರುವ ಸಾಕೆಟ್‌ಗೆ ಚುಚ್ಚಿ ಗಾಡಿಯ ಕಂಪ್ಯೂಟರ್ ಏನು ಬರೆದುಕೊಂಡಿದೆ ಎಂದು ಓದುವ ಸಣ್ಣ ಡಬ್ಬಿ. ಹೈಬ್ರಿಡ್ ಬ್ಯಾಟರಿಯನ್ನೇ ಓದಲೆಂದು ಮಾಡಿದ ಡಾಕ್ಟರ್ ಪ್ರಿಯಸ್‌ನಂಥ ಆ್ಯಪ್‌ಗಳಿವೆ, ಮೊದಲೇ ಹಾಕಿಕೊಂಡು ಹೋಗಿ. ಜೊತೆಗೊಬ್ಬ ಸ್ನೇಹಿತ ಬೇಕು, ಗಾಡಿ ಗೊತ್ತಿರುವವನೇ ಆಗಬೇಕಿಲ್ಲ. ಮಾರುವವರು ನಿಮ್ಮನ್ನು ಮಾತಿಗೆಳೆದಾಗ ಅವನು ಸುಮ್ಮನೆ ಗಾಡಿ ಸುತ್ತ ತಿರುಗುತ್ತಿದ್ದರೆ ಸಾಕು.

1. ಗಾಡಿ ನಿಮಗೆ ಹೊಂದುತ್ತದೆಯೇ?

ಉದ್ದ 2019ರ ನಂತರದ್ದರಲ್ಲಿ ಸುಮಾರು 4.88 ಮೀಟರ್, ಹಳೆಯದರಲ್ಲಿ ತುಸು ಕಡಿಮೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ನಿಲ್ಲಿಸುವ ಜಾಗವಿದ್ದರೆ ಟೇಪು ಹಿಡಿದು ಅಳೆದುಕೊಳ್ಳಿ, ನಗಬೇಡಿ. ಊರಿನ ತೋಟದ ರಸ್ತೆ, ಅಳತೆ ಮೀರಿದ ಹಂಪ್‌ಗಳು ದಿನದ ಪಾಡಾಗಿದ್ದರೆ ಈ ಗಾಡಿ ಬೇಡ. ನಾಲ್ಕು ಜನ ಕೂತರೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ.

ದಿನಾ ಸಿಟಿ ಟ್ರಾಫಿಕ್‌ನಲ್ಲಿ ಓಡಾಡುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಬ್ರೇಕ್ ಒತ್ತಿದಾಗಲೆಲ್ಲ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಹೋಗುತ್ತದೆ, ಸಿಲ್ಕ್ ಬೋರ್ಡ್‌ನಲ್ಲಿ ತೆವಳುವಾಗ ಎಂಜಿನ್ ಬಹುಪಾಲು ಮಲಗಿರುತ್ತದೆ. ಹೈವೇಯಲ್ಲಿ ಈ ಲಾಭ ಕಡಿಮೆ. ತಿಂಗಳಿಗೊಮ್ಮೆ ಮಾತ್ರ ಹೊರಗೆ ತೆಗೆಯುವವರಿಗಂತೂ ಹೈಬ್ರಿಡ್ ತರವಲ್ಲ, ಏಕೆಂದು ಕೊನೆಯ ಹಂತದಲ್ಲಿ ಹೇಳುತ್ತೇನೆ.

2. ಗಾಡಿಗಿಂತ ಮೊದಲು ಕಾಗದ

ನೋಡಲು ಹೊರಡುವ ಮೊದಲೇ ರಿಜಿಸ್ಟ್ರೇಷನ್ ನಂಬರ್ ಕೇಳಿ. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಎಷ್ಟನೇ ಮಾಲೀಕರು, ಸಾಲ ಇದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂದು ನೋಡಿ. ಬಾಕಿ ದಂಡಗಳನ್ನು ಇ-ಚಲನ್ ಪುಟದಲ್ಲೂ ಪೊಲೀಸರ ಪುಟದಲ್ಲೂ ಬೇರೆಬೇರೆಯಾಗಿ ನೋಡಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುವುದುಂಟು.

ಚಾಸಿ ನಂಬರ್ ಎಂಬಿಜೆ ಎಂಬ ಮೂರಕ್ಷರದಿಂದ ಶುರುವಾಗಿದ್ದರೆ ಅದು ಬಿಡದಿಯ ಗಾಡಿ. ಆ ನಂಬರ್ ಹಿಡಿದು ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಎರಡು ವಿಷಯ ಕೇಳಿ: ಸರ್ವಿಸ್ ಇತಿಹಾಸ, ಮತ್ತು ಬಾಕಿ ಉಳಿದ ರಿಕಾಲ್ ಇದೆಯೇ ಎಂಬುದು. ರಿಕಾಲ್ ಎಂದರೆ ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿ ಕರೆಸಿ ಉಚಿತವಾಗಿ ಸರಿಮಾಡಿಕೊಡುವುದು. ಇತಿಹಾಸದಲ್ಲಿ ಪ್ರತಿ ಸಲದ ಕಿಲೋಮೀಟರ್ ದಾಖಲಾಗಿರುತ್ತದೆ. ನಾಲ್ಕು ವರ್ಷ ಏರುತ್ತ ಬಂದ ಓಡೋಮೀಟರ್ ಐದನೇ ವರ್ಷ ಇಳಿದಿದ್ದರೆ ವಿವರಣೆ ಕೇಳುವ ಅಗತ್ಯವೇ ಇಲ್ಲ.

ಈಗಿನ ಇನ್ಶೂರೆನ್ಸ್ ಪಾಲಿಸಿಯ ಪ್ರತಿ ತರಿಸಿಕೊಂಡು ಎನ್‌ಸಿಬಿ ಎಷ್ಟಿದೆ ನೋಡಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಇದು, ಏರುತ್ತ 50 ಪ್ರತಿಶತದವರೆಗೆ ಹೋಗುತ್ತದೆ. ಮಾಲೀಕರು ಬದಲಾಗದ ಆರು ವರ್ಷದ ಗಾಡಿಗೆ ಎನ್‌ಸಿಬಿ ಸೊನ್ನೆ ಇದ್ದರೆ ಇತ್ತೀಚೆಗೆ ಏನೋ ಆಗಿರುವ ಸಾಧ್ಯತೆ ಹೆಚ್ಚು. "ಸಣ್ಣ ಸ್ಕ್ರ್ಯಾಚ್ ಅಷ್ಟೇ" ಎನ್ನುತ್ತಾರೆ. ಆ ಕ್ಲೇಮಿನ ಬಿಲ್ ಕೇಳಿ.

ಹೊರ ರಾಜ್ಯದ ಗಾಡಿಯ ಆಸೆ: ದೆಹಲಿ ಕಡೆಯ ಗಾಡಿ ಅಗ್ಗ ಎಂದು ಹಾರಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ 18 ಪ್ರತಿಶತ, ಅದರ ಮೇಲೆ ಸೆಸ್. ಹೈಬ್ರಿಡ್ ಎಂಬ ವಿನಾಯಿತಿ ಇಲ್ಲ. 36.95 ಲಕ್ಷದ ಹೊಸ ಗಾಡಿಗೆ ತೆರಿಗೆಯೇ ಆರೂವರೆ ಲಕ್ಷ ದಾಟುತ್ತದೆ. ಹೊರಗಿನಿಂದ ತಂದದ್ದಕ್ಕೆ ವಯಸ್ಸಿಗೆ ತಕ್ಕಂತೆ ಕಡಿತವಾಗುತ್ತದೆ ನಿಜ. ಆದರೆ ಆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ದುಡ್ಡಿನಿಂದಲ್ಲ. ಬ್ರೋಕರ್ ಈ ಮಾತನ್ನು ಕೊನೆಗೆ ಹೇಳುತ್ತಾನೆ, ಅಥವಾ ಹೇಳುವುದೇ ಇಲ್ಲ. ನಿಮ್ಮ ಆರ್‌ಟಿಒದಲ್ಲಿ ಮೊತ್ತ ಖಚಿತಪಡಿಸಿಕೊಂಡು, ಅದನ್ನು ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

3. ತಣ್ಣಗಿರುವಾಗ, ಹಗಲಲ್ಲಿ

"ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ, ಬೆಳಿಗ್ಗೆ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾರೆ.

ಚಾಲಕನ ಬಾಗಿಲು ತೆಗೆದಾಗ ಒಳಗೆಲ್ಲೋ "ಝ್ಝ್" ಎಂದು ಕೆಲವು ಸೆಕೆಂಡ್ ಸದ್ದು ಬರಬಹುದು. ಬ್ರೇಕಿನ ಪಂಪು ಒತ್ತಡ ತುಂಬಿಕೊಳ್ಳುವ ಸದ್ದದು, ಸಹಜ. ಬ್ರೇಕ್ ಒತ್ತಿ ಬಟನ್ ಒತ್ತಿದರೆ ಮೀಟರಿನಲ್ಲಿ ರೆಡಿ ಎಂದು ಬರಬೇಕು. ಎಂಜಿನ್ ಶುರುವಾಗದೇ ಇರಬಹುದು, ಹೈಬ್ರಿಡ್‌ಗೆ ಹೊಸಬರು ಇಲ್ಲೇ ಗಾಬರಿಯಾಗಿ ಮತ್ತೆ ಮತ್ತೆ ಬಟನ್ ಒತ್ತುತ್ತಾರೆ. ರೆಡಿ ಬಂದರೆ ಗಾಡಿ ಹೊರಡಲು ತಯಾರಿದೆ ಎಂದೇ ಲೆಕ್ಕ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ತಾನಾಗಿ ಎದ್ದು ಬಿಸಿಯಾಗುತ್ತದೆ, ಆಗ ಕಟಕಟ ಸದ್ದು, ನಡುಕ, ನೀಲಿ ಹೊಗೆ ಇರಬಾರದು.

ಬಾನೆಟ್ ಕೆಳಗೆ ಎರಡು ಕೂಲಂಟ್ ಟ್ಯಾಂಕ್‌ಗಳಿವೆ, ಒಂದು ಎಂಜಿನ್ನಿಗೆ, ಇನ್ನೊಂದು ಇನ್ವರ್ಟರ್‌ಗೆ. ಇನ್ವರ್ಟರ್ ಎಂದರೆ ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಎಸಿ ವಿದ್ಯುತ್ತಾಗಿ ಮಾಡುವ ಪೆಟ್ಟಿಗೆ. ಎರಡು ಟ್ಯಾಂಕಿನಲ್ಲೂ ಗುಲಾಬಿ ಬಣ್ಣದ ಕೂಲಂಟ್ ಗುರುತಿನ ನಡುವೆ ಇರಬೇಕು. ಹಸಿರು ಇದ್ದರೆ ಅಥವಾ ನೀರಿನಂತೆ ಕಂಡರೆ ಯಾರೋ ಬೀದಿ ಬದಿಯಲ್ಲಿ ತುಂಬಿಸಿದ್ದಾರೆ. ವಾಟರ್ ಪಂಪಿನ ಸುತ್ತ ಗುಲಾಬಿ ಬಣ್ಣದ ಹೊಪ್ಪಳೆ ಕಟ್ಟಿದ್ದರೆ ಸೋರಿಕೆ ಇದೆ.

4. ದೊಡ್ಡ ಬ್ಯಾಟರಿ

ಮೊದಲು ಅದು ಏನೆಂದು ಗೊತ್ತಿರಲಿ. ಈ ಎರಡೂ ತಲೆಮಾರಿನದ್ದು ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ, ಮೊಬೈಲಿನಲ್ಲಿರುವ ಲಿಥಿಯಂ ಅಲ್ಲ. ಮಾಡ್ಯೂಲ್ ಎನ್ನುವ 7.2 ವೋಲ್ಟಿನ 34 ಸಣ್ಣ ಬ್ಯಾಟರಿಗಳನ್ನು ಸಾಲಾಗಿ ಪೋಣಿಸಿ ಸುಮಾರು 245 ವೋಲ್ಟ್ ಮಾಡಿದ್ದಾರೆ. ಇದಕ್ಕೆ ಪ್ಲಗ್ ಚುಚ್ಚಿ ಚಾರ್ಜ್ ಮಾಡುವಂತಿಲ್ಲ, ಎಂಜಿನ್ನು ಮತ್ತು ಬ್ರೇಕೇ ತುಂಬಿಸುತ್ತವೆ. ಪೂರ್ತಿ ತುಂಬಲು ಅಥವಾ ಪೂರ್ತಿ ಖಾಲಿಯಾಗಲು ಕಂಪ್ಯೂಟರ್ ಬಿಡುವುದಿಲ್ಲ, ನಡುವಿನ ಮಟ್ಟದಲ್ಲೇ ಇಟ್ಟಿರುತ್ತದೆ. ವರ್ಷಗಟ್ಟಲೆ ಬಾಳುವುದರ ಗುಟ್ಟು ಅದೇ. ಇದಕ್ಕಿರುವ ದೊಡ್ಡ ಶತ್ರು ಬಿಸಿ.

ತಂಪು ಎಲ್ಲಿಂದ ಬರುತ್ತದೆ? ನೀವು ಕೂತ ಕ್ಯಾಬಿನ್ನಿನ ಗಾಳಿಯನ್ನೇ ಒಂದು ಫ್ಯಾನ್ ಎಳೆದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಆ ಗಾಳಿ ಒಳಹೋಗುವ ಜಾಲರಿ ಹಿಂದಿನ ಸೀಟಿನ ಆಸುಪಾಸಿನಲ್ಲಿರುತ್ತದೆ. 2019ರ ನಂತರದ ಗಾಡಿಯಲ್ಲಿ ಸೀಟಿನ ಬುಡದಲ್ಲಿ, ಕಾಲಿನ ಹತ್ತಿರ. ಹಳೆಯದರಲ್ಲಿ ಎಲ್ಲಿ ಎಂಬುದಕ್ಕೆ ಗ್ಲೋವ್ ಬಾಕ್ಸಿನಲ್ಲಿರುವ ಪುಸ್ತಕದಲ್ಲಿ ಚಿತ್ರವಿದೆ.

ಟಾರ್ಚ್ ಬಿಡಿ. ಸಾಧ್ಯವಾದರೆ ಮಾರುವವರ ಒಪ್ಪಿಗೆ ಪಡೆದು ಜಾಲರಿ ತೆಗೆಯಿರಿ. ಪರಿಚಿತರೊಬ್ಬರ ಗಾಡಿಯಲ್ಲಿ ನಾನು ತೆಗೆದಾಗ ಹಳೆ ಹಾಸಿಗೆಯ ಹತ್ತಿಯಂತೆ ಬೂದು ಧೂಳಿನ ಪದರ ಇಡಿಯಾಗಿ ಎದ್ದು ಬಂತು. ಅದರೊಳಗೆ ಕಡಲೆಕಾಯಿ ಸಿಪ್ಪೆ, ಮಕ್ಕಳ ಕ್ರೇಯಾನ್ ಚೂರು, ಯಾವುದೋ ಮದುವೆಯಿಂದ ಬಂದ ಒಣ ಮಲ್ಲಿಗೆಯ ಮೊಗ್ಗುಗಳು. ಫ್ಯಾನ್ ಅಷ್ಟು ದಿನ ಎಳೆಯುತ್ತಿದ್ದದ್ದು ಗಾಳಿಯನ್ನಲ್ಲ. ಇನ್ನೊಂದು ಕಡೆ ದುಬಾರಿ ಸೀಟ್ ಕವರ್ ಹೊಲಿಸಿ, ಅದರ ಅಂಚಿನಿಂದ ಜಾಲರಿಯನ್ನೇ ಮುಚ್ಚಿದ್ದರು. ಜಾಲರಿ ಕೊಳಕಿದ್ದರೆ ಗಾಡಿ ಬಿಡಬೇಕೆಂದಿಲ್ಲ, ಆದರೆ ಮುಂದಿನ ಪರೀಕ್ಷೆಗಳನ್ನು ಎರಡು ಪಟ್ಟು ಎಚ್ಚರದಿಂದ ಮಾಡಿ.

*ಕಣ್ಣಿನಿಂದ:* ಸ್ಕ್ರೀನಿನಲ್ಲಿ ಬ್ಯಾಟರಿಯ ಮಟ್ಟ ತೋರಿಸುವ ಎನರ್ಜಿ ಮಾನಿಟರ್ ಪುಟ ತೆರೆದಿಟ್ಟು ಅರ್ಧ ಗಂಟೆ ಓಡಿಸಿ, ಎಸಿ ಹಾಕಿಕೊಂಡೇ. ಬ್ಯಾಟರಿ ಪಟ್ಟಿಗಳು ನಿಧಾನಕ್ಕೆ ಏರಬೇಕು, ನಿಧಾನಕ್ಕೆ ಇಳಿಯಬೇಕು. ಸಣ್ಣ ಏರು ಹತ್ತುವಷ್ಟರಲ್ಲಿ ದಬದಬ ಕುಸಿದು, ಇಳಿಜಾರಿನಲ್ಲಿ ಅಷ್ಟೇ ಬೇಗ ಪೂರ್ತಿ ತುಂಬಿಬಿಟ್ಟರೆ ಬ್ಯಾಟರಿಯ ಹೊಟ್ಟೆ ಕುಗ್ಗಿದೆ. ಆಮೇಲೆ ರೆಡಿಯಲ್ಲೇ ನಿಲ್ಲಿಸಿ, ಎಸಿ ಓಡುತ್ತಿರುವಾಗ ಎಂಜಿನ್ ಎಷ್ಟು ಹೊತ್ತು ಸುಮ್ಮನಿರುತ್ತದೆ ನೋಡಿ. ಒಂದೆರಡು ನಿಮಿಷಕ್ಕೊಮ್ಮೆ ಎದ್ದು ಮಲಗುತ್ತಿದ್ದರೆ ಸಂಶಯಪಡಿ.

*ಕಿವಿಯಿಂದ:* ಹಿಂದಿನ ಸೀಟಿನಲ್ಲಿ ಒಬ್ಬರು ಕೂತು ಫ್ಯಾನಿನ ಸದ್ದು ಕೇಳಲಿ. ಮೆಲ್ಲಗಿನ ಸದ್ದು ಸರಿ. ಹೇರ್ ಡ್ರೈಯರ್‌ನಂತೆ ಒಂದೇ ಸಮನೆ ಕೂಗುತ್ತಿದ್ದರೆ ಬ್ಯಾಟರಿ ಕಾದಿದೆ.

*ಸ್ಕ್ಯಾನರಿನಿಂದ:* 34 ಮಾಡ್ಯೂಲ್‌ಗಳನ್ನು ಎರಡೆರಡಾಗಿ 17 ಬ್ಲಾಕ್‌ಗಳಂತೆ ಕಂಪ್ಯೂಟರ್ ಅಳೆಯುತ್ತದೆ. ಆ್ಯಪ್‌ನಲ್ಲಿ ಹದಿನೇಳೂ ಬ್ಲಾಕ್‌ಗಳ ವೋಲ್ಟೇಜ್ ಒಟ್ಟೊಟ್ಟಿಗೆ ಏರಿಳಿಯಬೇಕು. ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಒಂದೇ ಬ್ಲಾಕ್ ಉಳಿದವಕ್ಕಿಂತ ಕೆಳಗೆ ಜಾರುತ್ತಿದ್ದರೆ, ಚಾರ್ಜ್ ಆಗುವಾಗ ಅದೇ ಎಲ್ಲಕ್ಕಿಂತ ಮೇಲೆ ಏರುತ್ತಿದ್ದರೆ, ಅದು ಸೋತಿದೆ. ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳಲ್ಲಿ ಪಿ0ಎ80 ಕಂಡರೆ ಕಂಪ್ಯೂಟರ್ ತಾನೇ "ಬ್ಯಾಟರಿ ಬದಲಿಸಿ" ಎಂದು ಬರೆದಿದೆ. ಪಿ0ಎ93 ಇನ್ವರ್ಟರ್ ತಂಪಾಗುತ್ತಿಲ್ಲ ಎನ್ನುತ್ತದೆ, ಪಿ0ಎಎ6 ಹೈ ವೋಲ್ಟೇಜ್ ಎಲ್ಲೋ ಗಾಡಿಯ ಲೋಹದ ಮೈಗೆ ಸೋರುತ್ತಿದೆ ಎನ್ನುತ್ತದೆ.

ಮೋಸ ಇಲ್ಲಿದೆ: ನೀವು ಬರುವ ಹಿಂದಿನ ರಾತ್ರಿ ಕೋಡ್ ಅಳಿಸಿಬಿಡಬಹುದು. ಅದಕ್ಕೇ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟ ನೋಡಿ. ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಂಡ ಪಟ್ಟಿ ಅದು. ದಿನಾ ಓಡಾಡುವ ಗಾಡಿಯಲ್ಲಿ ಎಲ್ಲ ಸಾಲೂ "ಮುಗಿದಿದೆ" ಎಂದಿರಬೇಕು. ಬಹುತೇಕ ಸಾಲುಗಳು "ಮುಗಿದಿಲ್ಲ" ಎಂದಿದ್ದರೆ ನೆನಪು ಇತ್ತೀಚೆಗೆ ಅಳಿಸಿದೆ. 12 ವೋಲ್ಟ್ ಬ್ಯಾಟರಿ ಬದಲಿಸಿದಾಗಲೂ ಹೀಗಾಗುತ್ತದೆ ಎನ್ನುತ್ತಾರೆ, ಅದು ನಿಜವೂ ಹೌದು. ಹಾಗಿದ್ದರೆ ಆ ಬ್ಯಾಟರಿಯ ಬಿಲ್ ತೋರಿಸಲಿ.

ಇನ್ನು ವಾರಂಟಿ. 2021ರ ಆಗಸ್ಟ್ 1ರಿಂದ ಮಾರಿದ ಕ್ಯಾಮ್ರಿಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಅದಕ್ಕೂ ಹಿಂದೆ 3 ವರ್ಷ ಅಥವಾ 1,00,000 ಕಿ.ಮೀ. ಅಂದರೆ 2021ರ ಜುಲೈನ ಗಾಡಿಗೂ ಸೆಪ್ಟೆಂಬರಿನ ಗಾಡಿಗೂ ನೋಡಲು ವ್ಯತ್ಯಾಸವಿಲ್ಲದಿದ್ದರೂ ನನ್ನ ಪ್ರಕಾರ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿರಬೇಕು. ಆರ್‌ಸಿಯಲ್ಲಿ ತಿಂಗಳು ನೋಡದೇ ಮಾತಾಡಬೇಡಿ.

"ಬ್ಯಾಟರಿ ಹೋಗಿತ್ತು, ರಿಪೇರಿ ಮಾಡಿಸಿದ್ದೇವೆ" ಎಂಬ ಗಾಡಿ ಸಿಕ್ಕರೆ ಇಡೀ ಬ್ಯಾಟರಿ ಬದಲಾಗಿದೆಯೋ, ಸತ್ತ ಮಾಡ್ಯೂಲ್ ಮಾತ್ರವೋ ಕೇಳಿ. ಹಳೆ ಸಾಲಿನ ನಡುವೆ ಒಂದೆರಡು ಬೇರೆ ಮಾಡ್ಯೂಲ್ ಸಿಕ್ಕಿಸಿದರೆ ಕೆಲವು ತಿಂಗಳಲ್ಲಿ ಪಕ್ಕದ್ದು ಕೈಕೊಡುತ್ತದೆ. ಅಂಥ ಗಾಡಿಗೆ ನಾನಾದರೆ ಹೊಸ ಬ್ಯಾಟರಿಯ ಪೂರ್ತಿ ಬೆಲೆಯನ್ನು ಕಳೆದು ಮಾತಾಡುತ್ತೇನೆ.

5. ಬ್ರೇಕು, ಗೇರ್ ಬಾಕ್ಸು

ಬ್ಯಾಟರಿಯ ಗುಂಗಿನಲ್ಲಿ ಎಲ್ಲರೂ ಮರೆಯುವುದು ಬ್ರೇಕನ್ನು. ಇದರ ಬ್ರೇಕ್ ಕಂಪ್ಯೂಟರ್ ನಿಯಂತ್ರಣದ್ದು. ಪೆಡಲ್ ಒತ್ತಿದಾಗ ಎಷ್ಟು ಭಾಗ ಮೋಟಾರು ತಡೆಯಬೇಕು, ಎಷ್ಟು ಭಾಗ ಪ್ಯಾಡು ತಡೆಯಬೇಕು ಎಂದು ಅದೇ ಹಂಚುತ್ತದೆ. ಆ ಘಟಕ ಕೆಟ್ಟರೆ ಖರ್ಚು ದೊಡ್ಡದು. ಗಾಡಿಯನ್ನು ರೆಡಿಯಲ್ಲಿಟ್ಟು, ಬ್ರೇಕ್ ಮುಟ್ಟದೆ, ಕಿಟಕಿ ಏರಿಸಿ ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ಆ "ಝ್ಝ್" ಪಂಪು ಕೆಲವೇ ಸೆಕೆಂಡಿಗೊಮ್ಮೆ ತಾನಾಗಿ ಓಡುತ್ತಿದ್ದರೆ ಒತ್ತಡ ಒಳಗೇ ಸೋರುತ್ತಿದೆ. ಅಂಥ ಗಾಡಿಯನ್ನು ಬಿಟ್ಟು ಬನ್ನಿ.

ಮೋಟಾರೇ ಹೆಚ್ಚು ತಡೆಯುವುದರಿಂದ ಪ್ಯಾಡುಗಳು ನಿಧಾನ ಸವೆಯುತ್ತವೆ. ಕಡಿಮೆ ಓಡಿದೆ ಎಂದು ಹೇಳಿದ ಗಾಡಿಯಲ್ಲಿ ಪ್ಯಾಡ್ ಪೂರ್ತಿ ಸವೆದಿದ್ದರೆ ಓಡೋಮೀಟರಿನ ಮೇಲೆ ನನಗಂತೂ ನಂಬಿಕೆ ಬರುವುದಿಲ್ಲ.

ಗೇರ್ ಬಾಕ್ಸಿಗೆ ಇ-ಸಿವಿಟಿ ಎನ್ನುತ್ತಾರೆ. ಹೆಸರು ಕೇಳಿ ಬೇರೆ ಆಟೋಮ್ಯಾಟಿಕ್ ಗಾಡಿಗಳಲ್ಲಿರುವ, ಬೆಲ್ಟಿನಲ್ಲಿ ಓಡುವ ಸಿವಿಟಿ ಎಂದುಕೊಳ್ಳಬೇಡಿ. ಇದರಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ, ಎರಡು ಮೋಟಾರುಗಳನ್ನು ಎಂಜಿನ್ನಿಗೆ ಜೋಡಿಸುವ ಹಲ್ಲುಗಾಲಿಗಳಷ್ಟೇ. ಕೆಡುವುದು ಅಪರೂಪ. ಜೋರಾಗಿ ಒತ್ತಿದಾಗ ಎಂಜಿನ್ ಒಂದೇ ಸಮ ಕೂಗುವುದು ಅದರ ಸ್ವಭಾವ, ದೋಷವಲ್ಲ. ಓರೆ ತಿರುವಿನಲ್ಲಿ, ಹಂಪ್ ಮೇಲೆ ಕೆಳಗಿನಿಂದ ಟಕ್ ಎಂದರೆ ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. 2019ರ ನಂತರದ್ದರ 18 ಇಂಚಿನ ಚಕ್ರದ ಟಯರ್‌ಗಳು ತೆಳುವಾದವು, ನಮ್ಮ ಗುಂಡಿಗಳಿಗೆ ಬಿದ್ದು ಪಕ್ಕ ಉಬ್ಬಿರುತ್ತವೆ. ಒಳಬದಿಯನ್ನೂ ಕೈಯಾಡಿಸಿ ನೋಡಿ.

6. ನೀರು ಕುಡಿದಿದೆಯೇ?

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ದುಬಾರಿ ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. 2023ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. ಅಂಥ ಗಾಡಿಗಳು ತೊಳೆದು, ಪಾಲಿಶ್ ಆಗಿ, ಊರು ಬದಲಿಸಿ ಮಾರಾಟಕ್ಕೆ ಬರುವುದು ಹೊಸದಲ್ಲ. ಹೈಬ್ರಿಡ್‌ನಲ್ಲಿ ಇದು ಹೆಚ್ಚು ಅಪಾಯ. ಬ್ಯಾಟರಿ ಸೀಟಿನ ಅಡಿಯಲ್ಲಿರುವ ಗಾಡಿಗೆ ಒಳಗೆ ಮೊಣಕಾಲುದ್ದ ನೀರು ಬಂದರೂ ಸಾಕು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅದನ್ನು ತೊಳೆಯಲು ಯಾರಿಗೂ ಹೊಳೆಯುವುದಿಲ್ಲ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ಹೊರತೆಗೆದು ಗುಂಡಿಯ ತಳದಲ್ಲಿ ಬೆರಳಾಡಿಸಿ, ನುಣುಪು ಹೂಳು ಸಿಗುತ್ತದೆಯೇ ನೋಡಿ. ಮುಂದಿನ ಸೀಟಿನ ಹಳಿಗಳ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಮ್ಯಾಟಿನಡಿಯ ಕಾರ್ಪೆಟ್ಟಿನಲ್ಲಿ ತೇವ, ಕಿಟಕಿ ಮುಚ್ಚಿಟ್ಟ ಗಾಡಿಯಲ್ಲಿ ಹಳೆ ಗೋಣಿಚೀಲದ ವಾಸನೆ ಇದ್ದರೂ ಸಂಶಯ ಬರಬೇಕು. ಒಳಗೆ ಅತಿಯಾದ ಸುಗಂಧ ಹೊಡೆದಿದ್ದರೆ ಅರ್ಧ ಗಂಟೆ ಬಾಗಿಲು ತೆಗೆದಿಟ್ಟು ಮತ್ತೆ ಮೂಸಿ.

ಒಂದೇ ಒಂದು ಗುರುತು ಖಚಿತವಾಗಿ ಸಿಕ್ಕರೂ ಬೇಡ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

7. ಹಿಂದಿನ ಸೀಟು

ಕ್ಯಾಮ್ರಿಯ ಮಾಲೀಕರು ಬಹುಪಾಲು ಕೂರುವುದು ಹಿಂದೆ ಎಡಕ್ಕೆ. ಹಾಗಾಗಿ ಸವೆತ ಹುಡುಕಬೇಕಾದದ್ದೂ ಅಲ್ಲೇ. ಹಿಂದಿನ ಸೀಟಿನ ಬೆನ್ನು ಮೋಟಾರಿನಿಂದ ಒರಗುತ್ತದೆ, ನಡುವಿನ ಕೈಪೀಠದಲ್ಲಿ ಎಸಿ, ಆಡಿಯೋ ಬಟನ್‌ಗಳಿವೆ, ಹಿಂಬದಿ ಗಾಜಿಗೆ ಮೋಟಾರಿನ ಪರದೆ ಇದೆ. ಪ್ರತಿಯೊಂದನ್ನೂ ಕೊನೆಯವರೆಗೆ ಓಡಿಸಿ, ಮರಳಿ ತನ್ನಿ. ಬೇರೆ ಗಾಡಿಯ ಹತ್ತು ಬಿಡಿಭಾಗದ ಬೆಲೆ ಇದರ ಒಂದಕ್ಕೆ ಇರುತ್ತದೆ. ಚಾಲಕನ ಸೀಟು ಹರಿದು ಹಿಂದಿನದು ಹೊಸದಂತಿದ್ದರೆ, ಕಂಪನಿಯ ಗಾಡಿಯಾಗಿ ಯಾರನ್ನೋ ಬಿಡಲು ಕರೆತರಲು ಓಡಿದ್ದಿರಬಹುದು. ಅದು ಕೆಟ್ಟದ್ದಲ್ಲ, ಅಂಥವು ಸಮಯಕ್ಕೆ ಸರಿಯಾಗಿ ಸರ್ವಿಸ್ ಆಗಿರುತ್ತವೆ.

8. ದುಡ್ಡು ಕೊಟ್ಟು ಒಮ್ಮೆ ನೋಡಿಸಿ, ಆಮೇಲೆ ಬೆಲೆ

ಇಷ್ಟೆಲ್ಲ ದಾಟಿದ ಗಾಡಿಯನ್ನು ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದು, ಶುಲ್ಕ ಕಟ್ಟಿ ಹೈಬ್ರಿಡ್ ವ್ಯವಸ್ಥೆಯ ತಪಾಸಣೆ ಮಾಡಿಸಿ, ವರದಿ ಬರಹದಲ್ಲಿ ಪಡೆಯಿರಿ. ಅಲ್ಲೇ ಹೊಸ ಹೈಬ್ರಿಡ್ ಬ್ಯಾಟರಿಯ ಎಸ್ಟಿಮೇಟ್ ಕೂಡ ಬರೆಸಿಕೊಳ್ಳಿ. ಚೌಕಾಸಿಗೆ ಕೂತಾಗ ಆ ಹಾಳೆ ಮೇಜಿನ ಮೇಲಿರಲಿ. ವಾರಂಟಿ ಮುಗಿದ ಗಾಡಿಯಾದರೆ ಆ ಮೊತ್ತದ ಅರ್ಧವನ್ನಾದರೂ ಕಳೆಯಿರಿ ಎಂದು ಕೇಳುವುದು ನ್ಯಾಯ. ಉಳಿಸಿದ ಆ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಡಿ. ಬ್ಯಾಟರಿ ಹೋದರೆ ಒದಗುತ್ತದೆ, ಹೋಗದಿದ್ದರೆ ನಿಮ್ಮದೇ.

2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ನೋಡಿ, ಎಥೆನಾಲ್ ಎಷ್ಟು ಪ್ರತಿಶತದವರೆಗೆ ಒಪ್ಪುತ್ತದೆ ಎಂದು. ಈಗ ಬಂಕುಗಳಲ್ಲಿ ಸಿಗುವುದು 20 ಪ್ರತಿಶತ ಬೆರೆತದ್ದು. ಹಳೆ ಗಾಡಿಯ ರಬ್ಬರ್ ಪೈಪುಗಳನ್ನು ಸರ್ವಿಸ್‌ನಲ್ಲಿ ಕಣ್ಣಿಟ್ಟು ನೋಡಿಸಬೇಕು, ಅದಕ್ಕಿಂತ ಹೆಚ್ಚಿನ ಗಾಬರಿ ಬೇಡ.

9. ಹೆಸರು ಬದಲಾವಣೆ

ಫಾರಂ 29 ಮತ್ತು 30, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಇಬ್ಬರ ಗುರುತಿನ ಚೀಟಿ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಹೊರ ರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ. "ಸಹಿ ಹಾಕಿದ ಫಾರಂ ಇಟ್ಕೊಂಡಿರಿ, ನಿಧಾನಕ್ಕೆ ಮಾಡಿಸಿ" ಎಂಬ ಮಾತಿಗೆ ಒಪ್ಪಬೇಡಿ.

ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪೂರ್ತಿ ಬ್ಯಾಂಕಿನ ಮೂಲಕವೇ ಕೊಡಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಟೋಕನ್ ಅಡ್ವಾನ್ಸ್ ಕೊಟ್ಟರೆ "ತಪಾಸಣೆಯಲ್ಲಿ ಸರಿಬರದಿದ್ದರೆ ಹಿಂತಿರುಗಿಸುತ್ತೇನೆ" ಎಂದು ಒಂದು ಸಾಲು ಬರೆಸಿಕೊಳ್ಳಿ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರಿದವರ ಎನ್‌ಸಿಬಿ ಅವರ ಜೊತೆಗೇ ಹೋಗುತ್ತದೆ, ಆ ವ್ಯತ್ಯಾಸ ನೀವು ತುಂಬಬೇಕು. ಅವರ ಫಾಸ್ಟ್ಯಾಗ್ ಕಿತ್ತು ನಿಮ್ಮದು ಅಂಟಿಸಿ.

10. ಮೊದಲ ವಾರ

ಬ್ಯಾಟರಿ ಫ್ಯಾನಿನ ಜಾಲರಿ, ಫಿಲ್ಟರ್ ಸ್ವಚ್ಛ ಮಾಡಿಸಿ, ಪ್ರತಿ ಸರ್ವಿಸ್‌ನಲ್ಲೂ ಜಾಬ್ ಕಾರ್ಡಿನಲ್ಲಿ ಅದನ್ನು ಬರೆಸಿ. ಬರೆಸದಿದ್ದರೆ ಮಾಡುವುದಿಲ್ಲ. ಎರಡೂ ಕೂಲಂಟ್, ಬ್ರೇಕ್ ಆಯಿಲ್ ಯಾವಾಗ ಬದಲಾಗಿದೆ ಎಂದು ದಾಖಲೆ ಇಲ್ಲದಿದ್ದರೆ ಬದಲಿಸಿಬಿಡಿ. ಬ್ರೇಕ್ ಆಯಿಲ್ ಮಾತ್ರ ರಸ್ತೆ ಬದಿಯ ಗ್ಯಾರೇಜಿನಲ್ಲಿ ಬೇಡ, ಅದರ ಗಾಳಿ ತೆಗೆಯಲು ಕಂಪ್ಯೂಟರ್ ಬೇಕು.

ಡಿಕ್ಕಿಯಲ್ಲಿ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿ ಇದೆ. 245 ವೋಲ್ಟಿನ ದೊಡ್ಡಣ್ಣ ಗಟ್ಟಿಮುಟ್ಟಾಗಿದ್ದರೂ ಈ ಚಿಕ್ಕದು ಸತ್ತರೆ ಗಾಡಿ ರೆಡಿ ಆಗುವುದಿಲ್ಲ. ವಾರಗಟ್ಟಲೆ ನಿಲ್ಲಿಸಿದರೆ ಸಾಯುವುದು ಇದೇ. ತಿಂಗಳಿಗೊಮ್ಮೆ ತೆಗೆಯುವವರಿಗೆ ಬೇಡ ಎಂದದ್ದು ಇದಕ್ಕೆ. ವಾರಕ್ಕೊಮ್ಮೆಯಾದರೂ ರೆಡಿಗೆ ತಂದು ಅರ್ಧ ಗಂಟೆ ಓಡಿಸಿ. ರೆಡಿ ಇಲ್ಲದೆ ಬರೀ ಆಡಿಯೋ ಹಾಕಿಕೊಂಡು ಕೂರಬೇಡಿ.

ಚಾಲಕರಿದ್ದರೆ ಅವರಿಗೆ ಮೂರು ಮಾತು ಹೇಳಿಕೊಡಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡುವ ಹಳೆ ಅಭ್ಯಾಸ ಬಿಡಬೇಕು, ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿದ ಮೇಲೆ ಮೋಟಾರಿನ ತಡೆ ಕಡಿಮೆಯಾಗಿ ಎಂಜಿನ್ ತಾನಾಗಿ ಕೂಗತೊಡಗುತ್ತದೆ. ಅದು ಸಹಜ, ಎಂಜಿನ್ ಬ್ರೇಕಿಗೆಂದೇ ಇರುವ ಸ್ಥಾನಕ್ಕೆ ಲಿವರ್ ಹಾಕಿ ನಿಧಾನಕ್ಕೆ ಇಳಿಯಲಿ. ಮೂರನೆಯದು, ಗಾಡಿ ಎಲ್ಲಾದರೂ ಕೈಕೊಟ್ಟರೆ ಮುಂದಿನ ಚಕ್ರ ನೆಲಕ್ಕೆ ತಾಗಿಸಿಕೊಂಡು ಹಗ್ಗ ಕಟ್ಟಿ ಎಳೆಸಬಾರದು. ಚಕ್ರ ತಿರುಗಿದರೆ ಮೋಟಾರು ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಇಡೀ ಗಾಡಿಯನ್ನು ಮೇಲೆ ಹತ್ತಿಸಿಕೊಳ್ಳುವ ಲಾರಿಯನ್ನೇ ಕರೆಸಬೇಕು. ಇದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ಇನ್ಶೂರೆನ್ಸಿನ ರೋಡ್‌ಸೈಡ್ ನಂಬರಿನ ಜೊತೆ ಸನ್ ವೈಸರ್ ಹಿಂದೆ ಅಂಟಿಸಿಡಿ. ರಾತ್ರಿ ಹನ್ನೊಂದಕ್ಕೆ ಸಕಲೇಶಪುರದ ಬಳಿ ನಿಂತಾಗ ಯಾರಿಗೂ ಈ ಲೇಖನ ನೆನಪಿರುವುದಿಲ್ಲ.